ತೆನಿಸೆರಗಿನ ಗಿಡ

ಗಜೇಂದ್ರಗಡದ ಹಸಿರು ಮೇಳಕ್ಕೆ ಒಂದು ಕಾಲದಲ್ಲಿ ಜನ ಹೇಗೆ ಬರುತ್ತಿದ್ದರು ಎಂಬುದನ್ನು ನರ್ಸರಿಯ ದ್ರಾಕ್ಷಾಯಣಿಯ ಬಾಯಿಂದಲೇ ಕೇಳಬೇಕು. ಕೇಳದಿದ್ದರೂ ಆಕೆ ಹೇಳುತ್ತಾಳೆ, ಆ ಮಾತು ಬೇರೆ. ರೋಣದ, ನರಗುಂದದ ನರ್ಸರಿಯವರು ಟ್ರ್ಯಾಕ್ಟರ್ ತುಂಬ ಸಸಿ ಹೇರಿಕೊಂಡು ಹಿಂದಿನ ದಿನವೇ ಬಂದು ಜಾಗ ಹಿಡಿಯುತ್ತಿದ್ದರಂತೆ. ಕಲ್ಯಾಣಮಂಟಪದವರು, ಪೆಟ್ರೋಲ್ ಬಂಕಿನವರು, ಹೊಸ ಲೇಔಟಿನವರು ತಮ್ಮ ಅಂಗಳಕ್ಕೆ ಹುಲ್ಲು ಹಾಸುವವರನ್ನು ಇಲ್ಲಿಯೇ ಗೊತ್ತು ಮಾಡಿಕೊಳ್ಳುತ್ತಿದ್ದರಂತೆ. ಮುಶಿಗೇರಿಯ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು ಸಂಜೆಯವರೆಗೆ ಹೂ ನೋಡುತ್ತಿದ್ದರಂತೆ. ಇದರಲ್ಲಿ ಉಪ್ಪು-ಖಾರ ಸ್ವಲ್ಪ ಹೆಚ್ಚಾಗಿರಬಹುದು, ಸುಳ್ಳು ಮಾತ್ರ ಇಲ್ಲ.

ಈಗಿನ ಕಥೆ ಬೇರೆ. ಗಿಡ ಬೇಕಾದವರು ಮೊಬೈಲು ಒತ್ತಿದರೆ ಸಾಕು, ರಟ್ಟಿನ ಡಬ್ಬಿಯಲ್ಲಿ ಕುಳಿತುಕೊಂಡು ಗಿಡವೇ ಮನೆಗೆ ಬರುತ್ತದೆ. ಹೋದ ವರ್ಷ ಮಂಡಕ್ಕಿ ಗಿರಮಿಟ್ಟಿನ ಗಾಡಿಯ ಮುಂದೆ ನಿಂತಷ್ಟು ಜನ ಉಳಿದ ಇಡೀ ಮೈದಾನದಲ್ಲಿ ಇರಲಿಲ್ಲ. ಖಾಲಿ ಬಿದ್ದ ಮಳಿಗೆಗಳಲ್ಲಿ ಒಂದನ್ನು ಕುಕ್ಕರ್ ರಿಪೇರಿಯವನಿಗೆ ಕೊಟ್ಟಿದ್ದರು. ಎಲ್ಲರಿಗಿಂತ ಅವನ ವ್ಯಾಪಾರವೇ ಜೋರಾಗಿ ನಡೆಯಿತು ಎಂಬುದನ್ನು ಮಾತ್ರ ದ್ರಾಕ್ಷಾಯಣಿ ಯಾರ ಮುಂದೆಯೂ ಹೇಳುವುದಿಲ್ಲ.

ಏನಾದರೂ ಆಗಲಿ, ಮೈದಾನದ ನಡುವಿನ ಕಟ್ಟೆ ಆಕೆಯದು. ಅಲ್ಲಿ ಪ್ರತಿ ವರ್ಷ ಆಕೆಯ ದಾಸವಾಳ ನಿಲ್ಲುತ್ತಿತ್ತು. ದಾಳಿಂಬೆ ಕೆಂಪಿನ ದೊಡ್ಡ ಹೂ; ಎಸಳಿನ ಅಂಚಿಗೆಲ್ಲ ಬಿಳಿಯ ಹಲ್ಲು, ಇಲ್ಲಿಯ ನೇಕಾರರು ಕೆಂಪು ಸೆರಗಿಗೆ ಕೂಡಿಸುವ ಬಿಳಿ ತೆನೆಗಳ ಹಾಗೆ. ಅದಕ್ಕೇ ‘ತೆನಿಸೆರಗು’ ಎಂದು ಹೆಸರಿಟ್ಟಿದ್ದಳು. ಹೂವಿಗೆ ಹೂ ಕೂಡಿಸಿ, ಬೀಜ ಹಾಕಿ, ಮನಸ್ಸಿಗೆ ಬಾರದ ಸಸಿಗಳನ್ನೆಲ್ಲ ಕಿತ್ತು ಒಗೆದು, ವರ್ಷಗಟ್ಟಲೆ ಕಾದ ಮೇಲೆ ಸಿಕ್ಕ ಒಂದೇ ಗಿಡ. ಬೀಜದಿಂದ ಅದೇ ಹೂ ಮತ್ತೆ ಬರುವುದಿಲ್ಲ. ಕಡ್ಡಿ ಮುರಿದು ಊರಿದರೆ ಮಾತ್ರ ಬರುತ್ತದೆ. ಆ ಕಡ್ಡಿಯನ್ನು ಆಕೆ ಯಾರಿಗೂ ಕೊಟ್ಟವಳಲ್ಲ, ತನ್ನ ನರ್ಸರಿಯಲ್ಲೂ ಎರಡನೆಯ ಗಿಡ ಮಾಡಿದವಳಲ್ಲ. ನೋಡಬೇಕೆಂದರೆ ಮೇಳಕ್ಕೆ ಬರಬೇಕು, ಅಷ್ಟೇ.

ಡಿಸೆಂಬರಿನಲ್ಲಿ ಸಸಿ ವ್ಯಾಪಾರಸ್ಥರ ಸಂಘದ ಸಭೆ ಸೇರಿದಾಗ ಕಾರ್ಯದರ್ಶಿ ಚನ್ನಬಸವ ಮೆಲ್ಲಗೆ ಮಾತು ತೆಗೆದ. ಮೊದಲು ಮಣ್ಣಿನ ಕುಂಡ ಮಾರುತ್ತಿದ್ದವನು, ಈಗ ಪ್ಲಾಸ್ಟಿಕ್ ಹುಲ್ಲಿನ ಏಜೆಂಟ್.

“ಅಕ್ಕಾರ, ಈ ಸಲ ಕಟ್ಟಿ ಮ್ಯಾಲ ನಮ್ಮ ಲೈಟಿನ ಗಿಡ ಇಡೂಣ್ರಿ. ಬಾಡಂಗಿಲ್ಲ, ನೀರ ಕೇಳಂಗಿಲ್ಲ. ಹುಡುಗೂರು ಫೋಟೋ ತಕ್ಕೊಳ್ಳಾಕರೆ ಬರ್ತಾವು.”

“ನನ್ನ ತೆನಿಸೆರಗು ಇರೂತನಕ ಆ ಕಟ್ಟಿ ಮ್ಯಾಲ ಪ್ಲಾಸ್ಟಿಕ್ ಏರಂಗಿಲ್ಲ.”

“ಆತ ಬಿಡ್ರಿ. ನಿಮ್ಮ ಗಿಡ ಬಂದ್ರ ಕಟ್ಟಿ ನಿಮ್ದು, ಬರ್ಲಿಲ್ಲಂದ್ರ ನಮ್ದು.”

“ಬರದ ಎಲ್ಲಿಗೆ ಹೋಗ್ತೈತೋ?” ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು.

ಮರುದಿನವೇ ಕೊಣ್ಣೂರಿನಿಂದ ಫೋನು ಬಂತು. ಮಗಳು ಬನಶ್ರೀಗೆ ಹೆರಿಗೆಯಾಗಿತ್ತು. ಹೊರಡುವ ಅವಸರದಲ್ಲಿ ದ್ರಾಕ್ಷಾಯಣಿ ನರ್ಸರಿಯ ಆಳು ಅಮೋಘಸಿದ್ದನನ್ನು ಕರೆದು, ತಗಡಿನ ಚಪ್ಪರದ ಕೆಳಗೆ ಕುಂಡದಲ್ಲಿದ್ದ ದಾಸವಾಳದ ಕಡೆ ಬೆರಳು ತೋರಿಸಿ, “ನಾ ಬರೂತನಕ ಈ ಗಿಡಕ್ಕ ಯಾರೂ ಕೈ ಹಚ್ಚಬ್ಯಾಡ್ರಿ” ಎಂದಳು. ಎರಡು ದಿನಕ್ಕೆಂದು ಹೋದವಳು ಮೊಮ್ಮಗಳ ಮುಖ ನೋಡುತ್ತ ಮೇಳ ಹತ್ತಿರ ಬರುವವರೆಗೂ ಅಲ್ಲಿಯೇ ಉಳಿದುಬಿಟ್ಟಳು.

ತಿರುಗಿ ಬಂದು ನೋಡಿದರೆ ಗಿಡ ಒಣಗಿ ಕಟ್ಟಿಗೆಯಾಗಿತ್ತು. ಬುಡದ ತೊಗಟೆಯನ್ನು ಉಗುರಿನಿಂದ ಕೆರೆದಳು, ಒಳಗೂ ಹಸಿರಿರಲಿಲ್ಲ.

“ಇದಕ್ಕ ಏನ್ ಮಾಡಿದ್ಯೋ?”

“ಏನೂ ಮಾಡಿಲ್ರಿ ಅಕ್ಕಾರ. ಕೈ ಹಚ್ಚಬ್ಯಾಡಂದ್ರಿ, ಹಚ್ಚಿಲ್ಲ.”

“ನೀರರೆ ಹಾಕಬಾರದೇನೋ, ಪುಣ್ಯಾತ್ಮಾ?”

“ಹ್ವಾದ ವರ್ಷ ನೀರ ಹಾಕಿದ್ದಕ್ಕ ಬೈದಿದ್ರಲ್ರಿ. ‘ನನ್ನ ಗಿಡಕ್ಕ ನೀ ಯಾಕ ನೀರ ಹಾಕಿದಿ’ ಅಂತ.”

ಬೈದದ್ದು ಖರೇ. ದ್ರಾಕ್ಷಾಯಣಿ ಅಲ್ಲಿಯೇ ಮಣ್ಣಿನ ಚೀಲದ ಮೇಲೆ ಕುಳಿತಳು. ಗಂಡ ತೀರಿಕೊಂಡಾಗ ನಾಲ್ಕು ಜನರ ಮುಂದೆ ಗಟ್ಟಿಯಾಗಿ ನಿಂತಿದ್ದ ಹೆಂಗಸು ಅಂದು ಚಪ್ಪರದ ಕೆಳಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಲೋಕದಲ್ಲಿ ಆ ಹೂ ಇನ್ನಿಲ್ಲ, ಅದನ್ನು ಇಲ್ಲವಾಗಿಸಿದ್ದು ತನ್ನದೇ ಹಟ. ಇನ್ನು ಆ ಕಟ್ಟೆಯ ಮೇಲೆ ಮಿಣಮಿಣ ಅನ್ನುವುದು ಚನ್ನಬಸವನ ಲೈಟಿನ ಗಿಡವೇ. ಯಾರಿಗೂ ಹೇಳಬೇಡ ಎಂದು ಅಮೋಘಸಿದ್ದನಿಗೆ ತಾಕೀತು ಮಾಡಿದಳು. ಈ ಮಾತನ್ನೂ ಅವನು ಚಾಚೂ ತಪ್ಪದೆ ಪಾಲಿಸುತ್ತಾನೆ ಎಂಬ ಬಗ್ಗೆ ಅನುಮಾನವಿರಲಿಲ್ಲ.

ಮೇಳದ ಹಿಂದಿನ ದಿನ ಬಾಣಂತಿಗೆ ಸೀರೆ ತರಲು ನೇಕಾರರ ಓಣಿಗೆ ಹೋದಳು. ಗೌರವ್ವ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಹಳೆಯ ಪರಿಚಯ, ದ್ರಾಕ್ಷಾಯಣಿ ಉಡುವುದೆಲ್ಲ ಆಕೆ ನೇಯ್ದ ಸೀರೆಗಳೇ. ಕಾಲು ತೊಳೆಯಲು ನೀರು ಕೇಳಿದರೆ ಗೌರವ್ವ “ಇಲ್ಲೇ ತರ್ತೀನಿ ಕುಂದರ್ರಿ” ಎಂದು ಗಡಬಡಿಸಿ ಎದ್ದಳು. ಅಷ್ಟರಲ್ಲಿ ದ್ರಾಕ್ಷಾಯಣಿ ತಾನೇ ಹಿತ್ತಲ ಬಾಗಿಲು ದಾಟಿದ್ದಳು.

ಹಿತ್ತಲ ಕಲ್ಲುಹಾಸಿನ ಮೇಲೆ, ತುಕ್ಕು ಹಿಡಿದ ಎಣ್ಣೆ ಡಬ್ಬಿಯಲ್ಲಿ, ತೆನಿಸೆರಗು ನಿಂತಿತ್ತು. ಎದೆಯೆತ್ತರದ ಗಿಡ, ಮೈತುಂಬ ಹೂ.

ದ್ರಾಕ್ಷಾಯಣಿಗೆ ಮೊದಲು ಬಂದದ್ದು ಜೀವ, ಆಮೇಲೆ ಸಿಟ್ಟು. “ಇದು ನನ್ನ ಗಿಡ!”

ಗೌರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಹೌದ್ರಿ, ನಿಮ್ದ. ಮೇಳದಾಗ ಒಂದ ಕಡ್ಡಿ ಮುರದು ಸೆರಗಿನಾಗ ಇಟಗೊಂಡ ಬಂದಿದ್ನಿ.”

“ಕೇಳಬಾರದೇನ?”

“ಕೇಳಿದ್ರ ಕೊಡ್ತಿದ್ರೇನ್ರಿ? ಮತ್ತ ಕೇಳಿ ತಂದ ಕಡ್ಡಿ ಬೇರು ಹತ್ತಂಗಿಲ್ಲ, ಕದ್ದ ತಂದದ್ದ ಹತ್ತತೈತಿ ಅಂತಾರ.”

“ಮುಂದಿನ ಅಂಗಳ ಬಿಟ್ಟ ಇಲ್ಲ್ಯಾಕ ಮುಚ್ಚಿಟ್ಟಿ?”

“ಮುಂದ ನೀವು ಹಾದ ಹೋಗ್ತೀರಲ್ರಿ. ಅದಕ್ಕ ಓಣ್ಯಾಗ ಎಲ್ಲಾರೂ ಹಿತ್ತಲದಾಗ ಇಟ್ಟೀವಿ.”

“ಎಲ್ಲಾರೂ ಅಂದ್ರ?”

ಗೌರವ್ವ ನಾಲಗೆ ಕಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಆಕೆಯ ಗಿಡದ ಕಡ್ಡಿ ಪಕ್ಕದ ಬದರುನ್ನಿಸಾಳ ಮನೆಗೆ ಹೋಗಿತ್ತು, ಬದರುನ್ನಿಸಾಳ ಗಿಡದ್ದು ಎದುರು ಮನೆಗೆ, ಎದುರು ಮನೆಯ ಮಗಳು ಮದುವೆಯಾಗಿ ಹೋಗುವಾಗ ಮುಶಿಗೇರಿಗೆ. ಹಗಲೆಲ್ಲ ಮಗ್ಗದ ಮುಂದೆ ಕುಳಿತ ಹೆಂಗಸರು ನೂಲಿಗೆ ಗಂಜಿ ಹಾಕಿ ಉಳಿದ ನೀರನ್ನು ಅದರ ಬುಡಕ್ಕೆ ಹೊಯ್ಯುತ್ತ, ಹೆಸರು ಕೂಡ ಬದಲಿಸದೆ, ಆ ಹೂವನ್ನು ಬೆಳೆಸಿದ್ದರು.

ದ್ರಾಕ್ಷಾಯಣಿ ಒಂದು ಹೂವನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಒಂದು ಹಲ್ಲೂ ಕೆಟ್ಟಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದಳು, ಬಂದ ಮಾತೇ ಬೇರೆ.

“ನನ್ನ ಗಿಡ ಒಣಗೇತಿ, ಗೌರವ್ವಾ.”

“ಅಯ್ಯ ಶಿವನ!” ಎಂದು ಗೌರವ್ವ ಎದೆ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ದನಿ ತಗ್ಗಿಸಿ, “ಇದನ್ನ ಒಯ್ರಿ. ನಿಮ್ಮ ಕುಂಡ್ಯಾಗ ಇಟಗೊಂಡ ಮೇಳಕ್ಕ ಹೋಗ್ರಿ. ನಾ ಯಾರಿಗೂ ಹೇಳಂಗಿಲ್ಲ” ಎಂದಳು.

ಒಂದು ಗಳಿಗೆ ದ್ರಾಕ್ಷಾಯಣಿಯ ಮನಸ್ಸು ಜಾರಿತು ಎಂದೇ ಹೇಳಬೇಕು. ಕುಂಡ ಖಾಲಿ ಇತ್ತು, ಗಿಡ ಕಣ್ಣ ಮುಂದೆ ಇತ್ತು, ಚನ್ನಬಸವನಿಗೆ ಗುರುತು ಹತ್ತುವಂತಿರಲಿಲ್ಲ. ಆದರೆ ಆ ಎಣ್ಣೆ ಡಬ್ಬಿಯ ಸುತ್ತ ಬಿದ್ದ ಗಂಜಿಯ ಬಿಳಿ ಕಲೆಗಳನ್ನು ನೋಡಿದ ಮೇಲೆ ಆಕೆಗೆ ಹಾಗೆ ಮಾಡಲು ಆಗಲಿಲ್ಲ.

“ಬೆಳಸಿದಾಕಿ ನೀನು. ನೀನ ತಗೊಂಡ ಬಾ. ಓಣ್ಯಾಗ ಯಾರ್ಯಾರ ಹಿತ್ತಲದಾಗ ಐತಿ, ಎಲ್ಲಾರಿಗೂ ತರಾಕ ಹೇಳು.”

“ಎಲ್ಲಾರ ಮುಂದ ಬೈತೀರೇನ್ರಿ?”

“ಅದನ್ನ ಅಲ್ಲೇ ನೋಡೂಣ.”

“ಒಂದ ಕಡ್ಡಿಯರೆ ಮುರಕೊಡ್ತೀನಿ, ನರ್ಸರಿಗೆ ಒಯ್ರಿ.”

“ಬ್ಯಾಡ. ನಾ ಮಾಡಿದ ಗಿಡದ ಕಡ್ಡಿ ನಾನ ಬೇಡಿ ಒಯ್ಯಂಗಿಲ್ಲ” ಎಂದು ದ್ರಾಕ್ಷಾಯಣಿ ಹೊರಗೆ ನಡೆದಳು. ಸೀರೆ ತರುವುದು ಮರೆತೇ ಹೋಗಿತ್ತು.

ಮೇಳದ ಮುಂಜಾನೆ ಚನ್ನಬಸವ ಲೈಟಿನ ಗಿಡವನ್ನು ಕಟ್ಟೆಯ ಹತ್ತಿರ ತಂದು ನಿಲ್ಲಿಸಿ, ವೈರು ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಅರ್ಧ ಮಳಿಗೆಗಳು ಖಾಲಿ. ನರಗುಂದದವರು ಬಂದಿರಲಿಲ್ಲ. ಬಂದವರೂ ಕುರ್ಚಿಗೆ ಒರಗಿ ಮೊಬೈಲು ನೋಡುತ್ತಿದ್ದರು.

“ಅಕ್ಕಾರ, ಗಿಡ ಎಲ್ಲೈತ್ರಿ?”

“ಒಣಗೇತಿ” ಎಂದಳು ದ್ರಾಕ್ಷಾಯಣಿ, ಎಲ್ಲರಿಗೂ ಕೇಳುವಂತೆ. “ನನ್ನ ತಪ್ಪಿಗೆ ಒಣಗೇತಿ. ಸ್ವಲ್ಪ ತಡಿ.”

ಗೇಟಿನ ಕಡೆಯಿಂದ ಮೊದಲು ಗೌರವ್ವ ಬಂದಳು, ತಲೆಯ ಮೇಲೆ ಎಣ್ಣೆ ಡಬ್ಬಿ. ಹಿಂದೆ ಬದರುನ್ನಿಸಾ, ಅಂಚು ಒಡೆದ ಬಕೆಟ್ಟು. ಅವರ ಹಿಂದೆ ಇಡೀ ಓಣಿ: ಪೇಂಟಿನ ಡಬ್ಬಿ, ಬಿರುಕು ಬಿಟ್ಟ ಕೊಡ, ಹಿಡಿಕೆ ಮುರಿದ ಕುಕ್ಕರು. ಕುಕ್ಕರಿನ ಗಿಡವನ್ನು ನೋಡಿ, ಈ ಸಲವೂ ಬಂದಿದ್ದ ರಿಪೇರಿಯವನು ಎದ್ದು ನಿಂತ. ಮುಶಿಗೇರಿಯ ಮಗಳು ಗಂಡನ ಬೈಕಿನ ಮೇಲೆ, ಗಿಡವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಹೆದರಿ ಹೆದರಿ ಒಬ್ಬೊಬ್ಬರೇ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದರು. ಕಟ್ಟೆ ತುಂಬಿತು, ಕೆಳಗೂ ಇಟ್ಟರು. ಕೆಂಪು ಬಯಲಿಗೆ ಬಿಳಿ ಅಂಚು, ಹತ್ತು ಸೀರೆ ಒಟ್ಟಿಗೆ ಹರವಿದ ಹಾಗಿತ್ತು.

ಮೊಬೈಲು ನೋಡುತ್ತಿದ್ದವರು ಎದ್ದು ಬಂದರು. ರಸ್ತೆಯಲ್ಲಿ ಹೋಗುವವರೂ ಒಳಗೆ ಬಂದರು. ಚನ್ನಬಸವ ವೈರು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ದ್ರಾಕ್ಷಾಯಣಿಯ ಹತ್ತಿರ ಬಂದು ಪಿಸುಗುಟ್ಟಿದ: “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಮ್ಮ ಮನಿಯಾಗೂ ಒಂದ ಐತ್ರಿ. ಮಾಳಿಗಿ ಮ್ಯಾಲ.”

“ಲಗೂ ಹೋಗಿ ತಗೊಂಡ ಬಾ, ಭಾಡ್ಯಾ!” ಎಂದಳು ಆಕೆ. ನಗು ತಡೆಯಲು ಆಗಲಿಲ್ಲ.

ಇಷ್ಟರಿಂದ ಮೇಳಕ್ಕೆ ಹಳೆಯ ದಿನ ತಿರುಗಿ ಬಂತು ಎಂದೇನಲ್ಲ. ಹನಿ ನೀರಾವರಿಯ ಪೈಪಿನವನು ಮಧ್ಯಾಹ್ನವೇ ಗಂಟು ಕಟ್ಟಿದ. ಮುಂದಿನ ವರ್ಷ ಮೇಳ ನಡೆಯುತ್ತದೋ ಇಲ್ಲವೋ ಎಂದು ಸಂಘದವರು ಚಾ ಕುಡಿಯುತ್ತ ಮಾತಾಡುತ್ತಲೇ ಇದ್ದರು. ಅದನ್ನು ಕೇಳಿದರೂ ದ್ರಾಕ್ಷಾಯಣಿಗೆ ಅಂದು ಕಸಿವಿಸಿ ಆಗಲಿಲ್ಲ. ಅಮೋಘಸಿದ್ದ ಒಂದು ಕುರ್ಚಿ ತಂದು ಹಾಕಿದ್ದ, ಅದರಲ್ಲಿ ಆಕೆ ಒಮ್ಮೆಯೂ ಕುಳಿತುಕೊಳ್ಳಲಿಲ್ಲ. ಬಂದವರಿಗೆಲ್ಲ “ಇದು ಗೌರವ್ವನ ಗಿಡ, ಇದು ಬದರುನ್ನಿಸಾಂದು” ಎಂದು ತೋರಿಸುತ್ತ, ಕೊನೆಗೆ ತಡೆಯಲಾಗದೆ “ಹೂ ಮಾಡಿದಾಕಿ ನಾನು” ಎಂದೂ ಸೇರಿಸುತ್ತಿದ್ದಳು.

ಸಂಜೆ, ಜನ ಇನ್ನೂ ಇರುವಾಗಲೇ, ಆಕೆ ಕಟ್ಟೆಯ ಮೇಲೆ ನಿಂತು ಕೈ ಎತ್ತಿದಳು. ಓಣಿಯ ಹೆಂಗಸರು ಈಗ ಬೈಗುಳ ಬಂತು ಎಂದುಕೊಂಡರು.

“ಕೇಳ್ರಿ! ನಾ ಈಗ ಗಿರಮಿಟ್ಟ ತಿನ್ನಾಕ ಹೊಂಟೀನಿ. ಅಲ್ಲಿಂದ ಕಟ್ಟಿ ಕಾಣಂಗಿಲ್ಲ. ತಿರುಗಿ ನೋಡೂದೂ ಇಲ್ಲ.”

ಹೇಳಿ ನಡೆದೇಬಿಟ್ಟಳು. ಬೆನ್ನ ಹಿಂದೆ ಮೊದಲು ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಟಕ್ ಎಂದು ಒಂದು ಕಡ್ಡಿ ಮುರಿಯಿತು, ಆಮೇಲೆ ಇನ್ನೊಂದು. ಗಿರಮಿಟ್ಟು ಅಷ್ಟು ರುಚಿಯಾಗಿದೆ ಎಂದು ಆಕೆಗೆ ಈವರೆಗೆ ಗೊತ್ತಿರಲಿಲ್ಲ.

ತಿರುಗಿ ಬಂದಾಗ ಮೈದಾನ ತೆರವಾಗಿತ್ತು. ಗಿಡಗಳೆಲ್ಲ ಚೌಲ ಮಾಡಿಸಿಕೊಂಡ ಹುಡುಗರಂತೆ ನಿಂತಿದ್ದವು. ಗೌರವ್ವ ತನ್ನ ಡಬ್ಬಿ ಹೊರಲು ಸಿಂಬೆ ಸುತ್ತುತ್ತಿದ್ದಳು. ಆ ಗಿಡದಲ್ಲಿ ಮಾತ್ರ ಒಂದು ಒಳ್ಳೆಯ ಕಡ್ಡಿ, ಬೆರಳು ದಪ್ಪದ್ದು, ಉಳಿದಿತ್ತು.

ದ್ರಾಕ್ಷಾಯಣಿ ಆಚೆ ಈಚೆ ನೋಡಿದಳು. ಟಕ್ಕನೆ ಕಡ್ಡಿ ಮುರಿದು ಸೆರಗಿನೊಳಗೆ ಸೇರಿಸಿದಳು. ತಲೆ ಎತ್ತಿದರೆ ಗೌರವ್ವ ಚನ್ನಬಸವನ ಮಳಿಗೆಯ ಕಡೆ ಮುಖ ಮಾಡಿ ನಿಂತು, ಜೀವಮಾನದಲ್ಲಿ ಎಂದೂ ಕಂಡಿಲ್ಲವೆಂಬಂತೆ, ಪ್ಲಾಸ್ಟಿಕ್ ಹುಲ್ಲನ್ನು ನೋಡುತ್ತಿದ್ದಳು.