ಕೈಮಾತಿನ ಶಾಲೆ

ಆ ಶಾಲೆಯಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿಯುತ್ತಿರಲಿಲ್ಲ. ಕಿವಿ ಕೇಳದ ಮಕ್ಕಳ ಶಾಲೆ ಅದು. ಉದ್ದುದ್ದ ಹೆಸರು ಕೈಮಾತಿಗೆ ಒಗ್ಗುವುದಿಲ್ಲ; ಹಾಗಾಗಿ ಹೊಸಬರು ಯಾರೇ ಬರಲಿ, ಮಕ್ಕಳೇ ಸೇರಿ ಒಂದು ಹೆಸರು ಕಟ್ಟುತ್ತಿದ್ದರು. ಹೆಡ್‌ಮಿಸ್ಸಿಗೆ ಸಿಟ್ಟು ಬಂದರೆ ಹುಬ್ಬು ಹಣೆ ಹತ್ತುತ್ತಿತ್ತು. ಬೆರಳಿನಿಂದ ಹುಬ್ಬು ಸವರಿದರೆ ಅದು ಅವರೇ. ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅವರ ತಂಗಿಗೆ ಗಲ್ಲದ ಮೇಲೊಂದು ಮಚ್ಚೆ. ಅವಳು ಚುಕ್ಕಿ.

ಚುಕ್ಕಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಇದೇ ಶಾಲೆಯಲ್ಲಿ ಓದಿ, ಇಲ್ಲೇ ಟೀಚರಾದವಳು. ಅಕ್ಕ ಕೈಮಾತು ಕಲಿತದ್ದು ತಂಗಿಯ ಜೊತೆ ಜಗಳವಾಡುವುದಕ್ಕೆ. ಬಾಯಲ್ಲಿ ಎಷ್ಟು ಬೈದರೇನು, ಬೈಸಿಕೊಂಡವಳಿಗೆ ಗೊತ್ತೇ ಆಗದಿದ್ದರೆ? ಆ ಜಗಳದ ಭಾಷೆಯೇ ಕೊನೆಗೆ ಅವರ ಅನ್ನದ ದಾರಿಯಾಯಿತು.

ಶಾಲೆಯ ಕಟ್ಟಡವನ್ನೂ ಕಣ್ಣಿಗೆಂದೇ ಕಟ್ಟಿದ್ದರು. ಬೆಂಚುಗಳು ಅರ್ಧಚಂದ್ರದ ಹಾಗೆ, ಎಲ್ಲರ ಕೈಯೂ ಎಲ್ಲರಿಗೂ ಕಾಣಬೇಕಲ್ಲ. ಗಂಟೆಯ ಬದಲು ಬಾಗಿಲ ಮೇಲೆ ಮಿನುಗುವ ದೀಪ. ನೆಲ ಮರದ್ದು; ಕಾಲಿಂದ ಕುಟ್ಟಿದರೆ ದೂರದವರೂ ತಿರುಗುತ್ತಿದ್ದರು. ಹೊರಗಿನವರು ಇದನ್ನು ಮೌನದ ಶಾಲೆ ಎನ್ನುತ್ತಿದ್ದರು. ಒಳಗೆ ಕಾಲಿಟ್ಟವರಿಗೆ ಮಾತ್ರ ಸಂತೆಯ ಗದ್ದಲ ಗೊತ್ತಾಗುತ್ತಿತ್ತು.

ಆಮೇಲೆ ಕಿವಿಯೊಳಗೆ ಕೂರಿಸುವ ಯಂತ್ರಗಳು ಬಂದವು. ಯಂತ್ರ ಹಾಕಿಸಿಕೊಂಡ ಮಕ್ಕಳನ್ನು ತಂದೆ ತಾಯಿ ಬೇರೆ ಶಾಲೆಗಳಿಗೆ ಸೇರಿಸಿದರು. ಬೆಂಚುಗಳ ಅರ್ಧಚಂದ್ರ ಅಮಾವಾಸ್ಯೆಯ ಕಡೆಗೆ ಸವೆಯತೊಡಗಿತು. ಒಂದು ದಿನ ಆಡಳಿತ ಮಂಡಳಿಯ ಅಧ್ಯಕ್ಷರು ಹೆಡ್‌ಮಿಸ್ಸಿನ ಎದುರು ಬಂದು ಕೂತರು. ಮೆತ್ತಗಿನ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ.

"ಟೀಚರ್, ಹೀಗೇ ಬಿಟ್ರೆ ಬಾಗಿಲು ಹಾಕ್ಬೇಕಾಗುತ್ತೆ. ಕಿವಿ ಕೇಳೋ ಮಕ್ಕಳನ್ನೂ ಸೇರಿಸ್ಕೊಳ್ಳೋಣ. ಎಲ್ಲರೂ ಒಟ್ಟಿಗೆ ಕಲೀಲಿ."

"ಸೇರಿಸೋಣ ಸರ್. ಆದ್ರೆ ಕೈಮಾತು ಉಳೀಬೇಕು."

"ಅಯ್ಯೋ, ಅದು ನಮ್ಮ ಶಾಲೆಯ ಉಸಿರಲ್ವೇ! ಖಂಡಿತ ಉಳಿಯುತ್ತೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಹೆಡ್‌ಮಿಸ್ ಅಂದು ನೆಮ್ಮದಿಯಿಂದ ಮನೆಗೆ ಹೋದರು.

ಮೊದಲ ಕೆಲವು ತಿಂಗಳು ಕಣ್ಣಿಗೆ ಹಬ್ಬ. ಹೊಸ ಮಕ್ಕಳು ಕೈಮಾತನ್ನು ನೀರು ಕುಡಿದಷ್ಟು ಸುಲಭವಾಗಿ ಕಲಿತರು. ಪರೀಕ್ಷೆಯಲ್ಲಿ ಸದ್ದಿಲ್ಲದೆ ಉತ್ತರ ದಾಟಿಸುವುದನ್ನು ಅದಕ್ಕಿಂತ ಬೇಗ ಕಲಿತರು. ಚುಕ್ಕಿ ಹಿಡಿದು ಗದರಿಸಿ, ಆಮೇಲೆ ಅಕ್ಕನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕ, ಕಳ್ಳರಿಗೂ ನಾನೇ ಗುರು!"

ಮೊದಲ ದೂರು ತಂದವನು ಒಬ್ಬ ಅಪ್ಪ. "ನನ್ನ ಮಗ ಮನೇಲಿ ನೀರು ಬೇಕು ಅಂತಾನೂ ಕೈಯಲ್ಲೇ ಹೇಳ್ತಾನೆ. ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನಂತೆ. ಇದ್ದ ಬಾಯಿ ಕಟ್ಟಿಸೋಕೆ ಶಾಲೆಗೆ ಕಳಿಸಿದ್ನಾ?" ಹೆಡ್‌ಮಿಸ್ ಅವನಿಗೆ ಸಮಾಧಾನ ಹೇಳಿ ಕಳಿಸಿದರು.

ಆದರೆ ಸುರುಳಿಯ ತಾಯಿ ಬಂದಾಗ ಸಮಾಧಾನದ ಮಾತು ಸಾಲಲಿಲ್ಲ. ಸುರುಳಿ ಎಂದರೆ ಗುಂಗುರು ಕೂದಲಿನ ಹುಡುಗಿ. ಚುಕ್ಕಿಯ ಬೆನ್ನು ಬಿಡದವಳು, ಕೈ ತೆಗೆದರೆ ಕಥೆ ಹೇಳುವವಳು. ಅವಳಿಗೂ ಈಗ ಯಂತ್ರ ಹಾಕಿಸಿದ್ದರು.

"ಮೇಡಂ, ಕೈ ಆಡಿಸ್ತಾ ಇದ್ರೆ ಮಗು ಮಾತು ಕಲಿಯಲ್ಲ ಅಂತ ಡಾಕ್ಟರು ಹೇಳಿದಾರೆ. ದಯವಿಟ್ಟು ಅವಳ ಹತ್ರ ಬಾಯಲ್ಲೇ ಮಾತಾಡಿ."

"ಹಾಗೇನಿಲ್ಲಮ್ಮ. ಎರಡೂ ಒಟ್ಟಿಗೆ ಬರುತ್ತೆ."

"ಬರದೇ ಹೋದ್ರೆ?" ತಾಯಿಯ ದನಿ ಒಡೆಯಿತು. "ಅವಳು ನನ್ನನ್ನ ಅಮ್ಮಾ ಅಂತ ಕರೆಯೋದನ್ನ ಒಂದ್ಸಲ ಕಿವಿಯಾರೆ ಕೇಳ್ಬೇಕು. ಇದು ದುರಾಸೆನಾ?"

ದುರಾಸೆ ಎಂದು ಯಾವ ಬಾಯಿಂದ ಹೇಳುವುದು? ತಮ್ಮ ಸ್ವಂತ ತಾಯಿ ಅದೇ ಆಸೆಯಲ್ಲಿ ಚುಕ್ಕಿಯ ತುಟಿ ನೋಡುತ್ತಾ ಕೂರುತ್ತಿದ್ದುದು ಹೆಡ್‌ಮಿಸ್ಸಿಗೆ ನೆನಪಾಯಿತು. "ಪ್ರಯತ್ನ ಮಾಡ್ತೀವಮ್ಮ" ಎಂದರು. ಆ ಒಂದು ಮಾತಿನಿಂದ ಬಾಗಿಲು ತೆರೆಯಿತು. ಸುರುಳಿಯ ತಾಯಿಗೆ ಒಪ್ಪಿದ್ದನ್ನು ಬೇರೆ ತಾಯಂದಿರಿಗೆ ಇಲ್ಲವೆನ್ನಲಾಗಲಿಲ್ಲ.

ಹೊಸದಾಗಿ ಬಂದ ಶಿಕ್ಷಕರು ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳಿದರು. ಬೆಂಚುಗಳು ಸಾಲಾಗಿ ನಿಂತವು. ಸಾಲಿನಲ್ಲಿ ಹೆಚ್ಚು ಮಕ್ಕಳು ಹಿಡಿಸುತ್ತಿದ್ದರು, ಅದೂ ನಿಜವೇ. ಒಂದೊಂದಕ್ಕೂ ಒಂದೊಂದು ಕಾರಣವಿತ್ತು, ಒಂದು ಕಾರಣವೂ ಸುಳ್ಳಾಗಿರಲಿಲ್ಲ. ಹೆಡ್‌ಮಿಸ್ ಎಲ್ಲಿ ಅಡ್ಡ ನಿಲ್ಲಬೇಕೆಂದು ಯೋಚಿಸುವಷ್ಟರಲ್ಲಿ ಆ ಜಾಗ ಹಿಂದೆ ಬಿದ್ದಿರುತ್ತಿತ್ತು.

ಕೊನೆಗೆ ಚುಕ್ಕಿಯ ತರಗತಿಯ ಸರದಿ. "ಶನಿವಾರ ಒಂದು ಪೀರಿಯಡ್ ಕೈಮಾತು ಇರ್ಲಿ. ಉಳಿದ ದಿನ ನಿಮ್ಮ ತಂಗಿ ಲೈಬ್ರರಿ ನೋಡ್ಕೊಳ್ಲಿ," ಎಂದರು ಅಧ್ಯಕ್ಷರು. "ಶಾಲೆ ನಡೀತಾ ಇದೆಯಲ್ಲ ಟೀಚರ್, ಅದು ಮುಖ್ಯ. ನೀವೇ ಹೇಳಿದ್ರೆ ಅವರಿಗೆ ಬೇಜಾರಾಗಲ್ಲ."

ಆ ಸಂಜೆ ಅಡುಗೆಮನೆಯಲ್ಲಿ ಚುಕ್ಕಿ ತರಕಾರಿ ಹೆಚ್ಚುತ್ತಿದ್ದಳು. ಅಕ್ಕ ಎದುರು ನಿಂತು ಹೇಳತೊಡಗಿದರು. ಅಷ್ಟು ವರ್ಷ ಆಡಿದ ಕೈಗಳು ಅಂದು ತೊದಲಿದವು.

ಚುಕ್ಕಿ ಚಾಕು ಕೆಳಗಿಟ್ಟಳು. "ನೀನು ಏನು ಹೇಳಿದೆ ಅವರಿಗೆ?"

"ನಾನೇನು ಹೇಳಲಿ? ಬೇಡ ಅಂದ್ರೆ ಶಾಲೆಯೇ ಇರಲ್ಲ."

"ಇದು ಯಾವ ಶಾಲೆ, ಅಕ್ಕ?"

"ಸ್ವಲ್ಪ ದಿನ ತಾಳ್ಕೋ. ಆಮೇಲೆ ನಾನು..."

ಚುಕ್ಕಿ ಕಣ್ಣು ಮುಚ್ಚಿಕೊಂಡಳು. ಚಿಕ್ಕಂದಿನಲ್ಲಿ ಜಗಳ ಮಿತಿಮೀರಿದಾಗಲೂ ಅವಳು ಹೀಗೆ ಮಾಡಿದವಳಲ್ಲ. ಅಕ್ಕ ಭುಜ ಮುಟ್ಟಿದರು, ನೆಲ ಕುಟ್ಟಿದರು, ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು. ರೆಪ್ಪೆ ಬಿಚ್ಚಲಿಲ್ಲ. ಮುಂದೆ ನಿಂತ ಅಕ್ಕನಿಗೆ ಹೇಳುವುದಕ್ಕೆ ಊರಷ್ಟು ಮಾತಿತ್ತು. ತಂಗಿಯ ಒಳಗೆ ಹೋಗಲು ಇದ್ದ ಒಂದೇ ದಾರಿಯನ್ನು ಅವಳೇ ಮುಚ್ಚಿದ್ದಳು. "ನೋಡೇ, ಒಂದ್ಸಲ ನೋಡೇ," ಎಂದು ಬಾಯಲ್ಲೇ ಬೇಡಿಕೊಂಡರು. ಆ ಮಾತು ಅಡುಗೆಮನೆಯಲ್ಲಿ ಅವರೊಬ್ಬರಿಗೇ ಕೇಳಿಸಿತು.

ಚುಕ್ಕಿ ಆ ವರ್ಷ ಮುಗಿಯುವವರೆಗೆ ಲೈಬ್ರರಿಯಲ್ಲಿ ಕೂತಳು. ಆಮೇಲೆ ಬಿಟ್ಟು, ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಅಕ್ಕತಂಗಿಯರು ಮಾತಾಡುತ್ತಾರೆ, ಊಟ ಆಯ್ತಾ, ಬಾಗಿಲು ಹಾಕಿದೆಯಾ ಎಂಬಷ್ಟು. ಶಾಲೆಯ ಮಾತು ಎರಡೂ ಕಡೆಯಿಂದ ಏಳುವುದಿಲ್ಲ.

ಶಾಲೆ ಈಗ ತುಂಬಿದೆ. ಮೊನ್ನೆ ಹೆಡ್‌ಮಿಸ್ ಮೆಟ್ಟಿಲಿಳಿಯುವಾಗ ಸುರುಳಿ ಎದುರಾಗಿ ನಿಂತಳು. ಬಾಯಿ ಬಿಟ್ಟು ಏನನ್ನೋ ಕೇಳಿದಳು. ಅಮ್ಮಾ ಎನ್ನುವುದನ್ನು ಅವಳು ಕಲಿತಿದ್ದಾಳೆ, ಅವಳ ತಾಯಿ ಆ ಸಂತೋಷ ಹಂಚಿಕೊಂಡೂ ಹೋಗಿದ್ದಳು. ಆದರೆ ಈ ಮಾತು ಉದ್ದವಾಗಿತ್ತು, ಒಂದಕ್ಕೊಂದು ಅಂಟಿಕೊಂಡಿತ್ತು. ಹೆಡ್‌ಮಿಸ್ ಕೈಯಲ್ಲಿ ಕೇಳಿದರು, "ಏನು ಪುಟ್ಟಿ?"

ಹುಡುಗಿ ಹಿಂದೆ ತಿರುಗಿ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮತ್ತೆ ಅದನ್ನೇ, ಇನ್ನೂ ಜೋರಾಗಿ, ಕುತ್ತಿಗೆಯ ನರ ಉಬ್ಬುವ ಹಾಗೆ ಹೇಳಿದಳು. ಆಗಲೂ ಅರ್ಥವಾಗಲಿಲ್ಲ. ಅವಳ ಕಣ್ಣು ಉತ್ತರಕ್ಕೆ ಕಾಯುತ್ತಿತ್ತು.

ಹೆಡ್‌ಮಿಸ್ ನಕ್ಕು, ಎಲ್ಲ ತಿಳಿದವರಂತೆ ತಲೆಯಾಡಿಸಿದರು. ಹುಡುಗಿ ಒಂದು ಗಳಿಗೆ ಅವರ ಮುಖವನ್ನೇ ನೋಡಿ, ಸುಮ್ಮನೆ ತರಗತಿಯ ಕಡೆ ನಡೆದಳು.