ಬಿಸಿನೀರಿನ ಸಂಘ

ತಾಯವ್ವನಿಗೆ ಪ್ರಶ್ನೆ ಕೇಳುವ ಚಟ. ಊರು ಮುಟ್ಟಿಸಿಕೊಳ್ಳದ ನಮ್ಮ ಟಿಕೋಟಾದ ಕೇರಿಯಲ್ಲಿ ಈ ಚಟದಿಂದ ಯಾರಿಗೂ ಒಳ್ಳೆಯದಾಗಿರಲಿಲ್ಲ. ಆದರೆ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟು ಮತ್ತೆ ಬಸುರಾದವಳ ಬಾಯಿ ಮುಚ್ಚಿಸುವವರು ಯಾರು?

"ಅತ್ತಿ, ಗೌಡ್ರ ಮನ್ಯಾಗೂ ನೀನ ಹೆರಿಗಿ ಮಾಡ್ತಿ, ಕೇರ್ಯಾಗೂ ನೀನ. ಅಲ್ಲಿ ಕೂಸು ಬದುಕತಾವ. ಇಲ್ಲಿ ಯಾಕ ವಾರ ತುಂಬೂದ್ರಾಗ ದವಡಿ ಕಚ್ಚಿ ಸಾಯ್ತಾವ?"

ಸೂಲಗಿತ್ತಿ ಹುಚ್ಚವ್ವ ಸೊಸೆಯನ್ನು ದುರುಗುಟ್ಟಿ ನೋಡಿದಳು. "ನಮ್ಮ ಹಣೇಬಾರ ಬೇ."

ಹಣೆಬರಹಕ್ಕೂ ಜಾತಿ ಗೊತ್ತಾಗುತ್ತದೆಯೇ ಎಂದು ತಾಯವ್ವನಿಗೆ ಸಂಶಯ. ಮುಂದಿನ ಸಲ ಗೌಡರ ಮನೆಯಿಂದ ಕರೆ ಬಂದಾಗ ಅತ್ತೆಯ ಬೆನ್ನು ಹತ್ತಿ ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

"ಹಂಗ ಬಂದು ಮುಟ್ಟಬ್ಯಾಡ. ಮೊಣಕೈತನಕ ಸಬಕಾರ ಹಚ್ಚಿ ತಿಕ್ಕು," ಎಂದು ಗೌಡಸಾನಿ ಅಕ್ಕನಾಗಮ್ಮ ದೂರದಿಂದಲೇ ಹುಚ್ಚವ್ವನ ಕೈಗೆ ಬಿಸಿನೀರು ಸುರಿದಳು. "ಇನ್ನೊಮ್ಮೆ ತಿಕ್ಕು." ಮೈಲಿಗೆ ಹೋಗಲೆಂದು ಹೊಕ್ಕುಳಬಳ್ಳಿ ಕೊಯ್ಯುವ ಅವಳ ಕತ್ತಿಯನ್ನೂ ಕುದಿಯುವ ನೀರಿಗೆ ಹಾಕಿಸಿದಳು.

ದಾರಿಯಲ್ಲಿ ತಾಯವ್ವ ಮೊದಲು ಅತ್ತಳು, ಆಮೇಲೆ ನಕ್ಕಳು. "ನಮಗ ಹೇಸಿ ತೊಳಸ್ತಾರ ಬೇ. ಅದರಾಗ ಅವರ ಕೂಸು ಉಳೀತಾವ!"

ಕೇರಿಯಲ್ಲಿಯೂ ಅದೇ ಕೈ, ಅದೇ ಕತ್ತಿ. ತೊಳೆಯಲು ನೀರೆಲ್ಲಿ? ಊರ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ. ಯಾರಾದರೂ ಕನಿಕರಪಟ್ಟು ಸುರಿದರೆ ಕೊಡ ತುಂಬುತ್ತಿತ್ತು, ಅದು ಕುಡಿಯುವುದಕ್ಕೇ ಸಾಲದು.

ಆ ನಲವತ್ತಾರನೆಯ ಇಸವಿಯಲ್ಲಿ ವಿಜಾಪುರದ ತುಂಬ ಸಂಘಗಳು. ನಮ್ಮದೂ ಒಂದಿರಲಿ ಎಂದಳು ತಾಯವ್ವ. ಹೆರಿಗೆಯ ಮನೆಗೆ ಉಳಿದವರೆಲ್ಲ ತಲಾ ಒಂದು ತಂಬಿಗೆ ನೀರು, ಒಂದು ತುಂಡು ಕಟ್ಟಿಗೆ ತರಬೇಕು. ಇನ್ನೊಂದು ಕಟ್ಟಳೆ ಕೇಳಿ ಮಾತ್ರ ನಮ್ಮ ಎದೆ ಝಲ್ಲೆಂದಿತು: ಯಾರ ಬೇನೆ ಮೊದಲೋ ಸೂಲಗಿತ್ತಿ ಅಲ್ಲಿಗೇ ಮೊದಲು. ಗೌಡರ ಕರೆ ಬಂದರೆ ಕೇರಿಯ ಬಸುರಿಯನ್ನು ಬಿಟ್ಟು ಓಡುವುದೇ ಅಲ್ಲಿಯವರೆಗಿನ ರೂಢಿ.

ಆ ಕಟ್ಟಳೆಯ ಪರೀಕ್ಷೆ ತಾಯವ್ವನ ಹೆರಿಗೆಯಲ್ಲೇ ಆಯಿತು. ಅವಳು ಗೋಡೆ ಹಿಡಿದು ನರಳುತ್ತಿದ್ದಾಗ ಗೌಡ ಬಸಗೊಂಡಪ್ಪ ತಾನೇ ಕೇರಿಗೆ ಓಡಿಬಂದ. ಅವನ ಮಗಳಿಗೂ ಬೇನೆ ಶುರುವಾಗಿತ್ತು. ಮುಖ ಬಿಳಿಚಿತ್ತು. ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಹುಚ್ಚವ್ವ, ಲಗೂನ ನಡಿ!"

ಹುಚ್ಚವ್ವ ಹೊರಗೆ ಬಂದಳು. "ಸೊಸಿದು ಮೊದಲ ಚಾಲೂ ಆಗೇತ್ರಿ ಗೌಡ್ರ. ಇದು ಮುಗಿಸಿ ಬರತೇನ್ರಿ. ಸಂಘದ ಕಟ್ಟಳಿ ಐತ್ರಿ."

"ಯಾವ ಸಂಘಾ ಅದು?"

ಒಳಗಿನಿಂದ ತಾಯವ್ವ ಹಲ್ಲು ಕಚ್ಚಿ ಕೂಗಿದಳು. "ನೀವೂ ಸೇರ್ರಿ ಗೌಡ್ರ! ನೀರು ಕಡಿಮಿ ಬಿದ್ದೈತಿ, ಒಂದು ಕೊಡ ತರ್ರಿ!"

ಗೌಡ ತಿರುಗಿ ಹೋದ. ಆಳುಗಳು ಬಡಿಗೆ ಹಿಡಿದು ಬರುತ್ತಾರೆಂದೇ ಕಾದೆವು. ಬಂದವನು ಗೌಡನೊಬ್ಬನೇ, ಹೆಗಲ ಮೇಲೆ ಕೊಡ, ರುಮಾಲೆಲ್ಲ ತೊಯ್ದಿತ್ತು. ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೊಸ್ತಿಲ ಹೊರಗೆ ನಿಂತ.

"ಒಳಗ ಬರ್ರಿ," ಎಂದಳು ಹುಚ್ಚವ್ವ. "ಒಲಿ ಇಲ್ಲೈತಿ."

ತಾಯವ್ವನ ಹೆರಿಗೆ ಮುಗಿಸಿಯೇ ಹುಚ್ಚವ್ವ ಗೌಡರ ಮನೆಗೆ ಓಡಿದಳು. ವಾರ ದಾಟಿತು. ತಾಯವ್ವನ ಮಗಳು ಹಾಲಿಗಾಗಿ ಕೇರಿಯೇ ಹಾರಿಹೋಗುವಂತೆ ಅಳುತ್ತಿದ್ದಳು. ಗೌಡರ ಮನೆಯಲ್ಲೂ ಒಂದು ಕೂಸು ಅಳುತ್ತಿತ್ತಂತೆ. ನಮ್ಮ ಕೂಸಿನ ಗದ್ದಲದಲ್ಲಿ ಅದು ನಮಗೆ ಕೇಳಿಸಲಿಲ್ಲ.