ಗೇಟಿನಾಚೆ ಹರಿದ ನೀರು

ಬಂದರಿನ ಸಭಾಕೋಣೆಯ ಗೋಡೆಯ ಮೇಲೆ ಫೋಟೋ ಅಷ್ಟು ದೊಡ್ಡದಾಗಿ ಮೂಡಿದಾಗಲೇ ಎಡಮೂಲೆಯ ಬಕೆಟ್ಟು ಅವಳ ಕಣ್ಣಿಗೆ ಬಿದ್ದದ್ದು. ಪಕ್ಕದಲ್ಲಿ ಬಗ್ಗಿ, ಲಾರಿಯ ಮೇಲಿನ ಕಂಟೇನರಿನ ಅಡಿಗೆ ನೀರೆರಚುತ್ತಿದ್ದ ಒಂದು ಬೆನ್ನು. ಆ ಬೆನ್ನನ್ನು ಅವಳು ಎಲ್ಲಿದ್ದರೂ ಗುರುತಿಸಬಲ್ಲಳು. ಅಣ್ಣನದು.

ಸರಕು ಸಾಗಣೆದಾರರ ಸಂಘದ ಕಾರ್ಯದರ್ಶಿಯಾಗಿ ಅವಳು ಈ ಕೋಣೆಗೆ ಎಷ್ಟು ಸಲ ಬಂದಿದ್ದಳೋ. ಅದೇ ಆರಿದ ಚಹಾ, ಅದೇ "ನೋಡೋಣ". ಈ ಸಲವಾದರೂ ಗೆಲ್ಲಬಹುದು ಅನ್ನಿಸಿತ್ತು. ಕಳೆದ ತಿಂಗಳು ಯಾರೋ ಬಂದರಿನ ಕಂಪ್ಯೂಟರುಗಳೊಳಗೆ ನುಗ್ಗಿ ಎಲ್ಲವನ್ನೂ ಕೆಡಿಸಿದ್ದರು. ಕಂಪ್ಯೂಟರಿನಿಂದ ಪ್ರವೇಶ ಚೀಟಿ ಬಾರದೆ ತಪಾಸಣೆ ಅಂಗಳದ ಗೇಟು ಒಂದು ವಾರ ತೆರೆಯಲೇ ಇಲ್ಲ. ಹಡಗಿನಿಂದ ಇಳಿದ ಕಂಟೇನರುಗಳು ಲಾರಿಗಳ ಮೇಲೆ ರಸ್ತೆಯಲ್ಲೇ ನಿಂತವು. ತಡವಾಯಿತೆಂದು ಬಂದರು ಲಾರಿಯವರ ಮೇಲೆಯೇ ಶುಲ್ಕ ಹಾಕಿತು. ಲಾರಿಗಳು ಬಂದು ಕಾದಿದ್ದವೆಂಬುದಕ್ಕೆ ಉಳಿದಿದ್ದ ಸಾಕ್ಷಿ, ಅವಳೇ ಕಾಲ್ಸೇತುವೆ ಹತ್ತಿ ತೆಗೆದ ಈ ಫೋಟೋ ಒಂದೇ.

"ಸಾಲು ನೋಡಿದ್ರೆ ಪಾಪ ಅನ್ಸುತ್ತೆ," ಎಂದರು ಬಂದರಿನ ಮ್ಯಾನೇಜರು. "ಇದನ್ನ ದಾಖಲೆಗೆ ಸೇರಿಸೋಣ. ಶುಲ್ಕ ತೆಗೆಸೋದು ನನಗೆ ಬಿಡಿ."

ಮೇಜಿನ ಕೊನೆಯಲ್ಲಿ ತಪಾಸಣಾಧಿಕಾರಿ ಕನ್ನಡಕ ಒರೆಸುತ್ತಿದ್ದರು. ಹೊರದೇಶದ ಮಣ್ಣು, ಬೀಜ, ಹುಳು ದೇಶದೊಳಗೆ ಬಾರದಂತೆ ಕಾಯುವುದು ಅವರ ಕೆಲಸ. ಮಣ್ಣು ಮೆತ್ತಿದ ಕಂಟೇನರನ್ನು ಅವರ ಅಂಗಳದಲ್ಲೇ ತೊಳೆಯಬೇಕು. ಹೊರಗೆ ತೊಳೆದವನ ಪರವಾನಗಿ ಹೋದಂತೆಯೇ.

"ಈ ಫೋಟೋ ಬೇಡ ಸರ್," ಎಂದಳು. ಕೈ ಆಗಲೇ ಲ್ಯಾಪ್‌ಟಾಪಿನ ಮೇಲಿತ್ತು. "ತಪ್ಪಾಗಿ ಹಾಕಿಬಿಟ್ಟೆ. ತೆಗೀತೀನಿ."

ಅಧಿಕಾರಿ ಕನ್ನಡಕ ಏರಿಸುವಷ್ಟರಲ್ಲಿ ಗೋಡೆ ಬರಿದಾಗಿತ್ತು.

"ಏನ್ರೀ ಇದು," ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಕೈಗೆ ಬಂದ ತುತ್ತನ್ನ ನೀವೇ ಚೆಲ್ಲಿಬಿಟ್ರಲ್ಲ."

ವಿಷಯ ಮುಂದಿನ ಸಭೆಗೆ ಹೋಯಿತು. ಹೊರಡುವಾಗ ಅಧಿಕಾರಿ ಎಂದಿನಂತೆ ನೆನಪಿಸಿದರು: "ಡ್ರೈವರುಗಳಿಗೆ ಇನ್ನೊಂದ್ಸಲ ಹೇಳಿ ಮೇಡಂ. ರಸ್ತೆ ಪಕ್ಕ ಗುರುತಿಲ್ಲದ ಗಿಡ ಕಂಡ್ರೆ ಕೀಳಬಾರದು. ಕಿತ್ರೆ ಬೇರು ಉಳಿಯುತ್ತೆ. ಫೋಟೋ ತೆಗೆದು ನನಗೆ ಕಳಿಸಿದ್ರೆ ಸಾಕು."

ಹೊರಗೆ ಅಣ್ಣ ಲಾರಿಯಲ್ಲಿ ಕಾಯುತ್ತಿದ್ದ. ತಪಾಸಣೆ ಅಂಗಳದ ಬೇಲಿಯ ಪಕ್ಕದಲ್ಲೇ ನಿಲ್ಲಿಸಿದ್ದ.

"ಏನಮ್ಮ ಕಾರ್ಯದರ್ಶಿ, ಗೆದ್ಯಾ?"

"ಮುಂದಿನ ಸಭೆಗೆ ಹಾಕಿದ್ರು."

"ನಿಮ್ಮ ಸಭೆ ನನ್ನ ಲಾರಿಗಿಂತ ನಿಧಾನ ಕಣೇ."

ಅವಳು ನಗಲಿಲ್ಲ. "ಅಣ್ಣ, ಗೇಟು ಮುಚ್ಚಿದ್ದ ವಾರ ಇಲ್ಲಿ ಕಂಟೇನರ್ ತೊಳೆದ್ಯಾ?"

"ತೊಳೆದೆ. ಕೆಳಗೆಲ್ಲ ಕೆಂಪು ಮಣ್ಣು ಮೆತ್ಕೊಂಡಿತ್ತು." ಅವನ ಮುಖದಲ್ಲಿ ಅಳುಕೇ ಇರಲಿಲ್ಲ. "ಒಂದು ಚೂರು ಮಣ್ಣೂ ಒಳಗೆ ಬರಬಾರದು ಅಂತ ಸಂಘದ ಸಭೇಲಿ ಗಂಟಲು ಹರ್ಕೊಂಡೋಳು ನೀನೇ ಅಲ್ವಾ? ಎಲ್ಲರೂ ನಿದ್ದೆ ಹೊಡೀತಿದ್ರು, ನಾನೊಬ್ಬ ಕೇಳಿಸ್ಕೊಂಡೆ. ಅದಕ್ಕೇ ಗೇಟಿನಾಚೆನೇ ತೊಳೆದುಬಿಟ್ಟೆ. ಯಾಕೆ?"

"ಸುಮ್ಮನೆ ಕೇಳಿದೆ."

ಹತ್ತಲು ಹಿಡಿಕೆಗೆ ಕೈಯಿಟ್ಟವಳು ಕೆಳಗೆ ನೋಡಿದಳು. ಅಂದು ಅಣ್ಣ ತೊಳೆದ ನೀರು ಹರಿದು ಇಂಗಿದ್ದ ಜಾಗದಲ್ಲಿ, ಬೇಲಿಯ ಬುಡದುದ್ದಕ್ಕೂ, ಎಳೆ ಗಿಡಗಳ ಒಂದು ಸಾಲು. ಎಲೆಯ ಅಂಚು ನೇರಳೆ. ಇಷ್ಟು ವರ್ಷ ಈ ರಸ್ತೆಯಲ್ಲಿ ಓಡಾಡಿದವಳು ಅಂಥದ್ದನ್ನು ಕಂಡಿರಲಿಲ್ಲ.

"ಹತ್ತೇ," ಅಣ್ಣ ಹಾರನ್ ಒತ್ತಿದ. "ಮನೇಲಿ ನಿನ್ನ ಅತ್ತಿಗೆ ಕಾಯ್ತಿದ್ದಾಳೆ."

ಅವಳು ಕುಕ್ಕರುಗಾಲಲ್ಲಿ ಕುಳಿತಳು. ಎರಡು ಬೆರಳು ಒಂದು ಕಾಂಡವನ್ನು ಹಿಡಿದು, ಬಿಟ್ಟವು. ಬ್ಯಾಗಿನಿಂದ ಮೊಬೈಲು ತೆಗೆದಳು. ಪರದೆಯಲ್ಲಿ ಗಿಡಗಳ ಹಿಂದೆ ಅಣ್ಣನ ಲಾರಿಯ ಚಕ್ರವೂ ಬರುತ್ತಿತ್ತು. ಒಂದಿಷ್ಟು ಪಕ್ಕಕ್ಕೆ ಸರಿದು, ಮತ್ತೆ ಹಿಡಿದಳು. ಆಗಲೂ ಬರುತ್ತಿತ್ತು.